ಪರವಾಗಿಲ್ಲ ಅಂದವರು ಲೋಟ ತೊಳೆಯಬೇಕು

ನಮ್ಮ ಮನೆಯಲ್ಲಿ ಈಗಲೂ ಯಾರಾದರೂ ಬಾಯಿ ತಪ್ಪಿ ‘ಪರವಾಗಿಲ್ಲ’ ಅಂದರೆ ಮಗಳು ಏನೂ ಮಾತಾಡದೆ ಅಡುಗೆಮನೆಯ ಸಿಂಕಿನ ಕಡೆ ಬೆರಳು ತೋರಿಸುತ್ತಾಳೆ. ಹೊಸದಾಗಿ ಬಂದ ಅಳಿಯನಿಗೆ ಇದು ತಿಳಿದದ್ದು ಮೊದಲ ದಿನವೇ. ಪ್ರಯಾಣ ಹೇಗಿತ್ತಪ್ಪ ಎಂದು ನಾನು ಕೇಳಿದೆ. ‘ಪರವಾಗಿಲ್ಲ ಅತ್ತೆ’ ಎಂದ. ಮರುಗಳಿಗೆಯಲ್ಲಿ ಅವನ ಕೈಯಲ್ಲಿ ನಾಲ್ಕು ಎಂಜಲು ಲೋಟಗಳಿದ್ದವು. ಪಾಪ, ತಮಾಷೆಯೋ ಶಿಕ್ಷೆಯೋ ತಿಳಿಯದೆ ತೊಳೆದಿಟ್ಟು ಬಂದ.

ಈ ಕಾಯಿದೆ ಮಾಡಿದವರು ನಾವಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಗ್ರಂಥಾಲಯದ ಹಿಂಬದಿಯ ಕೋಣೆಯಿಂದ ನಾನೂ ನನ್ನ ಅತ್ತೆಯೂ ಅದನ್ನು ಮನೆಗೆ ತಂದೆವು. ಅಳಿಯ ನನ್ನನ್ನು ‘ಅತ್ತೆ’ ಎಂದಾಗಲೆಲ್ಲ ನಾನು ಒಂದು ಕ್ಷಣ ಹಿಂದೆ ತಿರುಗಿ ನೋಡುತ್ತೇನೆ. ಆ ಹೆಸರು ಇನ್ನೂ ಅವರದೇ ಅನ್ನಿಸುತ್ತದೆ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನು, ಮುಂದೆ ಸಾಲುಸಾಲು ತೂತುಗಳ ಬೋರ್ಡು, ಎರಡು ಕೈಯಲ್ಲಿ ಎರಡು ವೈರು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎನ್ನುವುದನ್ನೇ ಮೈ ಮರೆತುಬಿಡುವಂಥ ಕೆಲಸ. ಕಿಟಕಿಗೆ ಕಂಬಳಿ ಕಟ್ಟಿ ಹಗಲಿಗೆ ಕತ್ತಲೆ ಮಾಡಿಕೊಳ್ಳುತ್ತಿದ್ದರಂತೆ. ಅದೂ ಸಾಲದಾದಾಗ ಪಕ್ಕದ ಬೋರ್ಡಿನವಳು ಒಂದು ನಿದ್ದೆ ಮಾತ್ರೆಯನ್ನು ಮುರಿದು ಅರ್ಧ ಕೊಟ್ಟಳಂತೆ. ‘ಅರ್ಧ ಅಷ್ಟೇ ಕಣೆ, ಏನಾಗಲ್ಲ’ ಎಂದು.

ನಾನು ಮದುವೆಯಾಗಿ ಬರುವ ಹೊತ್ತಿಗೆ ಆ ಅರ್ಧಕ್ಕೆ ಹದಿನೆಂಟು ವರ್ಷ ವಯಸ್ಸಾಗಿತ್ತು.

ಅವರು ಇಡೀ ಮಾತ್ರೆ ನುಂಗಿದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಮಲಗುವಾಗ ಅರ್ಧ, ಬೆಳಗಿನ ಕಾಫಿಯಾದ ಮೇಲೆ ಅರ್ಧ, ತಲೆ ಭಾರವಾದರೆ ಅರ್ಧ, ಫೋನು ಬಂದು ಮಗನ ರೈಲು ತಡ ಅಂತ ತಿಳಿದರೆ ಅರ್ಧ. ನಿವೃತ್ತರಾದ ಮೇಲೆ ಪಾಳಿ ಇರಲಿಲ್ಲ, ಅರ್ಧಗಳು ಮಾತ್ರ ಉಳಿದಿದ್ದವು. ಅವನ್ನೆಲ್ಲ ಒಂದು ಕನ್ನಡಕದ ಡಬ್ಬಿಯಲ್ಲಿ ಇಡುತ್ತಿದ್ದರು. ಡಬ್ಬಿ ತಂದುಕೊಟ್ಟವಳು ನಾನೇ. ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ. ಕಪ್ಪು ಪರದೆಯ ಸಣ್ಣ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಿಸುತ್ತಾ ‘ಈಗ ಹೇಗೆ? ಮೊದಲಿನದು ವಾಸಿಯೋ, ಇದೋ?’ ಎಂದು ದಿನಕ್ಕೆ ಮೂವತ್ತು ಜನರನ್ನು ಕೇಳುತ್ತಿದ್ದೆ. ಮನೆಗೆ ಬಂದರೆ ಕೇಳುವ ಶಕ್ತಿ ಇರುತ್ತಿರಲಿಲ್ಲ.

ನನ್ನ ಗಂಡ ರೈಲಿನಲ್ಲಿ ಗಾರ್ಡ್. ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆ. ಮಗಳಿಗೆ ಆಗ ಏಳು ವರ್ಷ. ಅವಳನ್ನು ಮೂರೂವರೆಗೆ ಶಾಲೆಯಿಂದ ಕರೆದುಕೊಂಡು ಬರುವುದು ಅತ್ತೆಯ ಕೆಲಸ. ಕೆಲಸ ಅನ್ನುವುದಕ್ಕಿಂತ ಅಧಿಕಾರ ಅನ್ನಬೇಕು. ಹನ್ನೆರಡು ನಿಮಿಷದ ದಾರಿಗೆ ಅವರಿಬ್ಬರೂ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದರು. ಗೋಡೆ ಮೇಲಿನ ಬೆಕ್ಕುಗಳನ್ನು ಎಣಿಸಬೇಕು, ಬಡಗಿಯ ಅಂಗಡಿ ಮುಂದೆ ಸುರುಳಿ ಸುರುಳಿ ಮರದ ಸಿಪ್ಪೆ ಆರಿಸಬೇಕು, ಅಂಚೆ ಡಬ್ಬಿಯೊಳಗೆ ಬಾಯಿಟ್ಟು ‘ಹಲೋ, ನಂಬರ್ ಹೇಳಿ’ ಅನ್ನಬೇಕು. ಮನೆಗೆ ಬಂದಾಗ ಇಬ್ಬರ ಕೈಯೂ ಒಂದೇ ಥರ ಕೊಳೆಯಾಗಿರುತ್ತಿತ್ತು.

ಒಂದು ಬುಧವಾರ ನಾನು ಅಂಗಡಿಯಿಂದ ಐದು ಗಂಟೆಗೆ ಬರುವಾಗ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಅವರಿಬ್ಬರೂ ಕಂಡರು. ಅತ್ತೆ ಕಂಬಕ್ಕೆ ಒರಗಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ಮಗಳು ಪಕ್ಕದಲ್ಲಿ ನಿಂತಿದ್ದಳು. ಒಂದು ಹೆಗಲಿಗೆ ಶಾಲೆಯ ಚೀಲ, ಇನ್ನೊಂದಕ್ಕೆ ಅಜ್ಜಿಯ ಚೀಲ. ಮೆಟ್ಟಿಲು ಹತ್ತುವವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು, ‘ಅಜ್ಜಿ ಮಲಗಿದಾರೆ, ಸದ್ದು ಮಾಡ್ಬೇಡಿ’ ಅನ್ನುತ್ತಿದ್ದಳು. ಒಂದು ಗಂಟೆ ಹೊತ್ತಿನಿಂದ ಹಾಗೆ ನಿಂತಿದ್ದಳಂತೆ. ಮುಂದೆ ನಾಲ್ಕು ಕಡೆಯಿಂದ ವಾಹನ ನುಗ್ಗುವ ರಸ್ತೆ.

ನಾನು ಭುಜ ಅಲ್ಲಾಡಿಸಿ ಎಬ್ಬಿಸಿದಾಗ ಅತ್ತೆ ಕಣ್ಣು ಬಿಟ್ಟು, ‘ಲೈನ್ ಕಟ್ಟಾಯ್ತಾ?’ ಎಂದರು.

ಆ ವಾರದ ಕೊನೆಗೆ ಗಂಡ ಬಂದರು, ಕೇಳಿಸಿಕೊಂಡರು. ಅವರು ಕೂಗಾಡುವ ಮನುಷ್ಯ ಅಲ್ಲ. ಬೂಟಿನ ದಾರ ಬಿಚ್ಚುತ್ತಾ ಹೇಳಿದರು: “ಅಮ್ಮ, ಇನ್ಮೇಲೆ ಮಗೂನ ಕರ್ಕೊಂಡು ಬರೋದು ಬೇಡ.”

“ಆಯ್ತಪ್ಪ,” ಅಂದರು ಅತ್ತೆ. “ಪರವಾಗಿಲ್ಲ.”

ಅಷ್ಟೇ. ಮಗಳನ್ನು ಸಂಜೆಯವರೆಗೆ ಶಾಲೆಯಲ್ಲೇ ಉಳಿಸಿಕೊಳ್ಳುವ ಏರ್ಪಾಡಾಯಿತು, ನಾನು ಕೆಲಸ ಮುಗಿಸಿ ಕರೆದುಕೊಂಡು ಬರುತ್ತಿದ್ದೆ. ನನ್ನ ವಾರದ ರಜೆ ಮಂಗಳವಾರ. ಆ ದಿನ ಒಂದು ಸಂಗತಿ ನೋಡಿದೆ. ಮೂರು ಗಂಟೆಗೆ ಅತ್ತೆ ಮುಖ ತೊಳೆದು, ತಲೆ ಬಾಚಿ, ಚಪ್ಪಲಿ ಹಾಕಿಕೊಂಡು ನಡುಮನೆಯ ಕುರ್ಚಿಯಲ್ಲಿ ಕೂತರು. ನಾಲ್ಕೂಕಾಲಿಗೆ ಚಪ್ಪಲಿ ಬಿಚ್ಚಿ ಎತ್ತಿಟ್ಟರು. ಎಲ್ಲಿಗಾದರೂ ಹೋಗಬೇಕಿತ್ತಾ ಎಂದು ನಾನು ಕೇಳಲಿಲ್ಲ.

ಅದನ್ನು ನೋಡಿದವಳು ಮರುದಿನ ಒಂದು ದೊಡ್ಡ ತಪ್ಪು ಮಾಡಿದೆ. ಕನ್ನಡಕದ ಡಬ್ಬಿಯಲ್ಲಿದ್ದ ಅಷ್ಟೂ ಅರ್ಧಗಳನ್ನು ಕಕ್ಕಸಿಗೆ ಸುರಿದು ನೀರು ಹಾಕಿದೆ. ಖಾಲಿ ಡಬ್ಬಿಯನ್ನು ಇದ್ದಲ್ಲೇ ಇಟ್ಟೆ. ಒಳ್ಳೆಯದು ಮಾಡಿದೆ ಎಂದು ಅವತ್ತು ಅಂಗಡಿಯಲ್ಲಿ ಇಡೀ ದಿನ ಹಗುರವಾಗಿದ್ದೆ.

ಎರಡನೇ ದಿನ ಬೆಳಿಗ್ಗೆ ಅತ್ತೆಯ ಕೈಯಲ್ಲಿ ಕಾಫಿ ಲೋಟ ನಿಲ್ಲಲಿಲ್ಲ. ಬಟ್ಟೆಯೆಲ್ಲ ಬೆವರಿಗೆ ಒದ್ದೆ. ಕಿಟಕಿಯ ಬೆಳಕು ಚುಚ್ಚುತ್ತದೆ ಎಂದು ಗೋಡೆ ಕಡೆ ತಿರುಗಿ ಮಲಗಿದರು, ಹಲ್ಲು ಕಟಕಟ ಅನ್ನುತ್ತಿತ್ತು. ನಾನು ಕೇಳಿದೆ, “ಅತ್ತೆ, ಡಾಕ್ಟರ್ ಹತ್ರ ಹೋಗೋಣವಾ?” “ಬೇಡ ಕಣೆ, ಪರವಾಗಿಲ್ಲ” ಅಂದರು. ನಾನು ಮೂಲೆಯ ಔಷಧದ ಅಂಗಡಿಗೆ ಓಡಿ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ತಂದೆ. ನನ್ನ ಕೈಯಾರೆ ಮುರಿದೆ. ಡಬ್ಬಿ ಖಾಲಿಯಾದದ್ದನ್ನಾಗಲಿ ತುಂಬಿದ್ದನ್ನಾಗಲಿ ನಾವಿಬ್ಬರೂ ಮಾತಿಗೆ ತರಲಿಲ್ಲ. ಆದರೆ ನಾನು ಮುರಿದ ಅರ್ಧಗಳು ವಕ್ರವಾಗಿದ್ದವು. ಅವರ ಅರ್ಧಗಳು ಅಳತೆ ಹಿಡಿದಂತೆ ಇರುತ್ತಿದ್ದವು.

ಆ ತಿಂಗಳಲ್ಲೇ ಒಬ್ಬ ನರ್ಸಮ್ಮ ನಮ್ಮ ಅಂಗಡಿಗೆ ಕನ್ನಡಕಕ್ಕೆ ಬಂದರು. ಐವತ್ತು ದಾಟಿದ ದಪ್ಪ ಹೆಂಗಸು, ಎಲ್ಲರೂ ‘ಸಿಸ್ಟರ್’ ಅನ್ನುತ್ತಿದ್ದರು. ಗಾಜು ಬದಲಿಸುತ್ತಾ ನಾನು ಕೇಳಿದೆ, “ಈಗ ಹೇಗೆ?” ಅವರು ಹೇಳಿದರು, “ಕಾಣ್ತಿದೆ. ನೀವು ಹೇಗೆ?” ಆ ಕತ್ತಲೆ ಕೋಣೆಯಲ್ಲಿ ಗಿರಾಕಿಗಳು ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನನಗೇ ಗೊತ್ತಿಲ್ಲದ ಹಾಗೆ ಅತ್ತೆಯ ವಿಷಯ ಎಲ್ಲ ಹೇಳಿಬಿಟ್ಟೆ. ಸುರಿದದ್ದನ್ನೂ ಹೇಳಿದೆ.

“ಅಯ್ಯೋ ಹುಚ್ಚಿ,” ಅಂದರು ಸಿಸ್ಟರ್, ಭಾರದ ಚೌಕಟ್ಟು ಮೂಗಿನ ಮೇಲಿರುವಾಗಲೇ. “ಇಪ್ಪತ್ತೇಳು ವರ್ಷ ಮೈಯಲ್ಲಿ ಕೂತಿದ್ದನ್ನ ಒಂದೇ ದಿನ ಎಳೆದು ಹಾಕ್ತಾರಾ? ಜೀವಕ್ಕೇ ಅಪಾಯ ಅದು. ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ಬೇಕು. ಮಂಗಳವಾರ ಮಧ್ಯಾಹ್ನ ಲೈಬ್ರರಿ ಹಿಂದಿನ ಬಾಗಿಲಿಗೆ ಕರ್ಕೊಂಡು ಬನ್ನಿ. ಚೀಟಿ ಬೇಡ, ಮೊದಲೇ ಹೇಳ್ಬೇಕಾಗಿಲ್ಲ. ನಿದ್ದೆ, ಮನಸ್ಸು, ಕುಡಿತ, ಮಾತ್ರೆ, ಎಲ್ಲಕ್ಕೂ ಅದೇ ಬಾಗಿಲು.”

“ಅವರು ಬರಲ್ಲ ಸಿಸ್ಟರ್. ನನಗೇನಾಗಿದೆ ಅಂತಾರೆ.”

“ಹಾಗಾದ್ರೆ ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ. ಬಾಗಿಲು ದಾಟಿದ್ಮೇಲೆ ನಾನಿದೀನಿ.”

ಹೇಗಾದರೂ ಅಂದರೆ ನನಗೆ ಹೊಳೆದದ್ದು ಒಂದೇ ಸುಳ್ಳು. ಅತ್ತೆಯ ಮುಂದೆ ಹೋಗಿ ನಿಂತು ಹೇಳಿದೆ: “ಅತ್ತೆ, ನನಗೆ ಯಾಕೋ ನಿದ್ದೇನೇ ಬರ್ತಿಲ್ಲ. ಕ್ಲಿನಿಕ್ಕಿಗೆ ಹೋಗ್ಬೇಕು. ಒಬ್ಬಳೇ ಹೋಗೋಕೆ ಒಂಥರಾ ಆಗತ್ತೆ. ನೀವು ಜೊತೆಗೆ ಬನ್ನಿ.”

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. “ಚಪ್ಪಲಿ ಹಾಕ್ಕೋತೀನಿ ತಡಿ,” ಅಂದರು.

ಲೈಬ್ರರಿ ಹಿಂದಿನ ಆ ಕೋಣೆ ಮೊದಲು ಮಕ್ಕಳ ಓದುವ ಕೋಣೆಯಾಗಿತ್ತು. ಪುಸ್ತಕಗಳನ್ನು ಮುಂದಿನ ಹಾಲಿಗೆ ಸಾಗಿಸಿದ್ದರು, ಕುರ್ಚಿಗಳನ್ನು ಬಿಟ್ಟಿದ್ದರು. ಹಾಗಾಗಿ ದೊಡ್ಡ ದೊಡ್ಡ ಹೆಂಗಸರು ಮೊಣಕಾಲು ಗದ್ದಕ್ಕೆ ತಾಗುವಂತೆ ಕೆಂಪು ಹಳದಿ ಬಣ್ಣದ ಪುಟ್ಟ ಕುರ್ಚಿಗಳಲ್ಲಿ ಕೂರಬೇಕಿತ್ತು. ಗೋಡೆಯ ಮೇಲೆ ಯಾರೋ ಬರೆದಿದ್ದ ಜಿರಾಫೆ, ಅದರ ಕತ್ತಿನುದ್ದಕ್ಕೂ ಮಕ್ಕಳ ಎತ್ತರ ಅಳೆಯುವ ಗೆರೆಗಳು. ಹಳೆಯ ಗೋಂದಿನ ವಾಸನೆ. ಮೂಲೆಯಲ್ಲಿ ಸಿಂಕು, ಪಕ್ಕದಲ್ಲಿ ಕೆಟಲು. ಕಾರ್ಡು ಅಚ್ಚು ಹಾಕಿಸಿರಲಿಲ್ಲವೆಂದು ಗ್ರಂಥಾಲಯದ ಹಳೆಯ ಕಾರ್ಡುಗಳನ್ನೇ ಬಳಸುತ್ತಿದ್ದರು. ಮುಂದಿನ ಸಲ ಬರಬೇಕಾದ ತಾರೀಖನ್ನು ‘ಹಿಂತಿರುಗಿಸಬೇಕಾದ ದಿನ’ ಎಂಬ ಕಾಲಮ್ಮಿನಲ್ಲಿ ಮೊಹರು ಹೊಡೆಯುತ್ತಿದ್ದರು. ಯಾರಾದರೂ ಕೇಳಿದರೆ ಲೈಬ್ರರಿಗೆ ಹೋಗಿದ್ದೆ ಅನ್ನಬಹುದಿತ್ತು. ಕಾರ್ಡೂ ಅದೇ ಹೇಳುತ್ತಿತ್ತು.

ಸಿಸ್ಟರ್ ರಿಜಿಸ್ಟರ್ ತೆರೆದರು. “ಯಾರಿಗೆ?”

“ನನಗೆ,” ಅಂದೆ.

“ಜೊತೆಗೆ ಬಂದವರು?”

“ಅತ್ತೆ,” ಅಂದರು ಅತ್ತೆ, ನನಗಿಂತ ಮೊದಲೇ. “ನಾನು ಬರೀ ಜೊತೆ. ನನಗೇನಿಲ್ಲ.”

ಸಿಸ್ಟರ್ ನನ್ನ ಮುಖ ನೋಡಿದರು. ಆಮೇಲೆ ಹೇಳಿದ್ದನ್ನೇ ಬರೆದರು: ರೋಗಿಯ ಕಾಲಮ್ಮಿನಲ್ಲಿ ಸೊಸೆ, ಪಕ್ಕದಲ್ಲಿ ಅತ್ತೆ.

ಒಳಗಿನ ಕೋಣೆಯಲ್ಲಿ ಡಾಕ್ಟರಮ್ಮ ಕೂತಿದ್ದರು. ಇನ್ನೂ ಕಾಲೇಜು ಹುಡುಗಿ ಅನ್ನಿಸುವಷ್ಟು ಎಳೆಯ ಮುಖ. ನಿದ್ದೆಯ ಬಗ್ಗೆ ಕೇಳಿದರು. ನಾನು ಸುಳ್ಳು ಹೇಳಲು ತಯಾರಾಗಿ ಹೋಗಿದ್ದೆ. “ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗತ್ತೆ?” ಎಂದು ಕೇಳಿದರೆ, “ಎಚ್ಚರ ಆಗಲ್ಲ” ಎಂದೆ. ನಾಲಿಗೆ ಕಚ್ಚಿಕೊಂಡೆ. ಅವರು ನಗಲಿಲ್ಲ. “ಸರಿ, ಬೆಳಿಗ್ಗೆ ಏಳೋದು ಹೇಗೆ?” ಎಂದರು. ಆಗ ಯಾರೋ ನನ್ನೊಳಗಿಂದ ಉತ್ತರ ಕೊಟ್ಟರು: “ಏಳೋಕೆ ಕಾರಣ ಬೇಕಲ್ಲ ಡಾಕ್ಟ್ರೇ. ಅಲಾರಾಂ ಹೊಡೆಯತ್ತೆ, ಅದಕ್ಕೆ ಏಳ್ತೀನಿ.”

ಅದು ನಿಜವಾಗಿತ್ತು. ನನಗೆ ಯಾವ ದುಃಖವೂ ಇರಲಿಲ್ಲ, ಅದೇ ತೊಂದರೆಯಾಗಿತ್ತು. ಗಂಡ ಊರಿಗೆ ಬಂದಾಗ ಏನೂ ಅನ್ನಿಸುತ್ತಿರಲಿಲ್ಲ, ಹೊರಟಾಗಲೂ ಅಷ್ಟೇ. ಕಾಫಿಗೆ ಸಕ್ಕರೆ ಹಾಕಿದ್ದೆನೋ ಇಲ್ಲವೋ ಕುಡಿದರೂ ಗೊತ್ತಾಗುತ್ತಿರಲಿಲ್ಲ. ಮಗಳು ಬಿದ್ದು ಮೊಣಕೈ ತರಚಿಕೊಂಡಾಗ ಔಷಧ ಹಚ್ಚಿದೆ, ಆದರೆ ಅಯ್ಯೋ ಅನ್ನಿಸಲಿಲ್ಲ. ಅದನ್ನು ನಾನು ಸಮಾಧಾನ ಎಂದುಕೊಂಡಿದ್ದೆ. ಎಲ್ಲರೂ ಹಾಗೇ ಹೇಳುತ್ತಿದ್ದರು, ಇವಳದು ಬಹಳ ಸಮಾಧಾನದ ಸ್ವಭಾವ ಎಂದು.

ಹೊರಗೆ ಬಂದಾಗ ಹೆಂಗಸರು ದುಂಡಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಂಗಳವಾರದ ಮಾತುಕತೆ ಅದು. ರೋಗಿಗಳೂ ಕೂರಬೇಕು, ಜೊತೆಗೆ ಬಂದವರೂ ಕೂರಬೇಕು. ಒಬ್ಬ ಬಸ್ ಕಂಡಕ್ಟರ್ ಹೆಂಗಸು ನಮಗೆ ಜಾಗ ಮಾಡಿದಳು. “ಮುಂದೆ ಬನ್ನಿ ಮುಂದೆ ಬನ್ನಿ, ಬಾಗಿಲಲ್ಲಿ ನಿಲ್ಬೇಡಿ,” ಅಂದಳು. ಆಮೇಲೆ ಅಷ್ಟೇ ಸಲೀಸಾಗಿ, “ನಾನು ಕುಡೀತಿದ್ದೆ. ಬಿಟ್ಟು ಏಳು ತಿಂಗಳಾಯ್ತು. ಇನ್ನೂ ಬೇಕು ಅನ್ನಿಸತ್ತೆ. ನಿಮ್ಮದೇನು?” ಎಂದಳು.

ಸಿಸ್ಟರ್ ನನ್ನ ಕಡೆ ತಿರುಗಿದರು. “ಈ ವಾರ ಹೇಗಿತ್ತಮ್ಮ?”

“ಪರವಾಗಿಲ್ಲ ಸಿಸ್ಟರ್,” ಎಂದೆ.

ಎಲ್ಲರೂ ಒಟ್ಟಿಗೆ ‘ಓ’ ಎಂದು ಕೂಗಿದರು. ಕಂಡಕ್ಟರ್ ಎದ್ದು ಖಾಲಿ ಟ್ರೇ ತಂದು ನನ್ನ ಮಡಿಲಲ್ಲಿ ಇಟ್ಟಳು. “ತಗೊಳ್ಳಿ ನಿಮ್ಮ ಟಿಕೆಟ್ಟು. ಹದಿನಾಲ್ಕು ಲೋಟ.”

ಸಿಸ್ಟರ್ ನಗುತ್ತಾ ಬಿಡಿಸಿ ಹೇಳಿದರು: “ಇಲ್ಲಿ ಏನು ಬೇಕಾದ್ರೂ ಅನ್ನಬಹುದು. ಚೆನ್ನಾಗಿದೆ, ಸಾಯೋ ಹಾಗಿದೆ, ಹೇಳಲ್ಲ ಹೋಗಿ, ಏನಾದ್ರೂ ಸರಿ. ಆ ಒಂದು ಮಾತು ಮಾತ್ರ ಬೇಡ. ಸಾರು ಹೇಗಿದೆ ಅಂದ್ರೂ ಪರವಾಗಿಲ್ಲ, ಕಾಲು ತುಳಿದ್ರೂ ಪರವಾಗಿಲ್ಲ, ಎದೆ ಒಡೆದು ಹೋದ್ರೂ ಪರವಾಗಿಲ್ಲ. ಅದು ಉತ್ತರ ಅಲ್ಲಮ್ಮ, ಕದ. ಅಂದವರು ಲೋಟ ತೊಳೀಬೇಕು.”

ನಾನು ತೊಳೆದೆ. ಹಿಂದೆ ಅತ್ತೆ ನಗುವುದು ಕೇಳಿಸಿತು. ಬಹಳ ದಿನದ ಮೇಲೆ ಕೇಳಿದ ನಗು.

ಮುಂದಿನ ಮಂಗಳವಾರವೂ ನಾನೇ ತೊಳೆದೆ. ಅದರ ಮುಂದಿನದೂ. ನಡೆದು ಬರುವಾಗ ದಾರಿಯುದ್ದಕ್ಕೂ ಬೇರೆ ಮಾತು ಹುಡುಕಿಕೊಂಡೇ ಬರುತ್ತಿದ್ದೆ. ಆ ಪುಟ್ಟ ಕುರ್ಚಿಯಲ್ಲಿ ಕೂತು ಹನ್ನೆರಡು ಜನ ನನ್ನನ್ನು ನೋಡಿದ ಕೂಡಲೇ ಹಾಳಾದ್ದು ಅದೇ ಮಾತು ಬಾಯಿಂದ ಜಾರುತ್ತಿತ್ತು. ಅತ್ತೆ ಮಾತ್ರ ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಅವರ ಹತ್ತಿರ ಎಕ್ಸ್‌ಚೇಂಜಿನ ಇಡೀ ಭಾಷೆ ಇತ್ತಲ್ಲ.

“ನೀವು ಹೇಗಿದ್ದೀರಿ ಅಮ್ಮ?”

“ಲೈನ್ ಬಿಜಿ ಇದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ.”

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಯಾರಾದರೂ ಮಾತಾಡುತ್ತಾ ಅತ್ತು, ಮುಂದೆ ಹೇಳಲಾರದೆ ನಿಂತರೆ ಅತ್ತೆ, ಮೂರು ನಿಮಿಷಕ್ಕೊಮ್ಮೆ ಎಚ್ಚರಿಸುವ ಹಳೆಯ ಟ್ರಂಕ್ ಕಾಲ್ ಆಪರೇಟರಿನ ದನಿಯಲ್ಲಿ ಮೆಲ್ಲಗೆ ಕೇಳುತ್ತಿದ್ದರು, “ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?” ಅಳುತ್ತಿದ್ದವಳು ಮೂಗೊರೆಸಿಕೊಂಡು, “ಹೂಂ, ಮುಂದುವರಿಸ್ತೀನಿ” ಅನ್ನುತ್ತಿದ್ದಳು. ಸಿಸ್ಟರ್‌ಗೆ ಆಗದ್ದು ಆ ದನಿಗೆ ಆಗುತ್ತಿತ್ತು. ಮೂವತ್ತೊಂದು ವರ್ಷ ಬೇರೆಯವರ ಸಾವು, ಹುಟ್ಟು, ಜಗಳಗಳ ನಡುವೆ ವೈರು ಹಿಡಿದು ಕೂತಿದ್ದ ದನಿ.

ಆದರೆ ಕನ್ನಡಕದ ಡಬ್ಬಿ ಅವರ ಚೀಲದಲ್ಲೇ ಇತ್ತು. ಲೈಬ್ರರಿಯಿಂದ ಮನೆಗೆ ಬಂದ ಕೂಡಲೇ ಅವರು ಅರ್ಧ ನುಂಗುವುದನ್ನು ನಾನು ನೋಡುತ್ತಿದ್ದೆ. ಐದು ವಾರ ಕಳೆದವು. ಸಿಸ್ಟರನ್ನು ಪಕ್ಕಕ್ಕೆ ಕರೆದು, “ನೀವಾದ್ರೂ ಹೇಳಿ” ಎಂದೆ. “ನಾನು ಹೇಳಿದ್ರೆ ಅವರು ನಾಳೆಯಿಂದ ಬರಲ್ಲ,” ಅಂದರು ಸಿಸ್ಟರ್. “ಕಾಯೋಣ. ನೀವು ನಿಮ್ಮ ಲೋಟದ ಕಡೆ ನೋಡಿ.”

ಆರನೆಯ ಮಂಗಳವಾರ ನನ್ನ ಸರದಿ ಬಂದಿತು. “ಹೇಗಿತ್ತಮ್ಮ ವಾರ?” ನಾನು ಬಾಯಿ ತೆರೆದೆ. ಕಂಡಕ್ಟರ್ ಆಗಲೇ ಟ್ರೇಗೆ ಕೈ ಹಾಕಿದ್ದಳು. “ಪರ...” ಅನ್ನುವಷ್ಟರಲ್ಲಿ ಅತ್ತೆ ಎದ್ದು ನಿಂತರು. ಆ ಪುಟ್ಟ ಕುರ್ಚಿ ಅವರ ಜೊತೆಗೇ ಎದ್ದು ಸೊಂಟಕ್ಕೆ ಸಿಕ್ಕಿಕೊಂಡಿತು. ಯಾರಿಗೂ ನಗಲಾಗಲಿಲ್ಲ, ಅವರ ಮುಖ ಹಾಗಿತ್ತು. ಕಂಡಕ್ಟರ್ ಕುರ್ಚಿ ಎಳೆದು ಬಿಡಿಸಿದಳು.

“ಸಿಸ್ಟರ್, ನಿಮ್ಮ ರಿಜಿಸ್ಟರಲ್ಲಿ ತಪ್ಪಿದೆ,” ಅಂದರು ಅತ್ತೆ. “ಇವಳು ನಿದ್ದೆ ಬರಲ್ಲ ಅಂತ ಹೇಳಿ ನನ್ನ ಕರ್ಕೊಂಡು ಬಂದ್ಲು. ಸುಳ್ಳು. ಇವಳು ಮಲಗಿದ್ರೆ ಡೋಲು ಬಾರಿಸಿದ್ರೂ ಏಳಲ್ಲ. ನನ್ನ ಡಬ್ಬಿ ಖಾಲಿ ಮಾಡಿದ್ದು ಇವಳೇ, ಹೆದರಿಕೊಂಡು ತಿರುಗಿ ತುಂಬಿದ್ದೂ ಇವಳೇ. ಮುರಿದಿದ್ದು ನೋಡಿದ್ರೆ ಗೊತ್ತಾಗಲ್ವಾ? ಇಲಿ ಕಚ್ಚಿದ ಹಾಗಿತ್ತು.”

ನನಗೆ ತಲೆ ಎತ್ತಲಾಗಲಿಲ್ಲ.

“ಯಾರಿಗೆ ಅಂತ ಕರ್ಕೊಂಡು ಬಂದಿದಾಳೆ ಅಂತ ನನಗೆ ಮೊದಲ ದಿನವೇ ಗೊತ್ತು. ಒಂದು ಸಲ ಬಂದು, ಇವಳ ಸಮಾಧಾನಕ್ಕೆ ತಲೆ ಆಡಿಸಿ, ನಾಳೆಯಿಂದ ಮೊಣಕಾಲು ನೋವು ಅಂದ್ಬಿಡೋಣ ಅಂದ್ಕೊಂಡಿದ್ದೆ. ಆದ್ರೆ ಇವಳು ಲೋಟ ತೊಳೆಯೋಕೆ ಹೋದ್ಲಲ್ಲ, ಒಂದು ವಾರ, ಎರಡು ವಾರ, ಐದು ವಾರ. ನಾನು ನಗ್ತಾ ಇದ್ದೆ. ಆಮೇಲೆ ನಗು ಬರಲಿಲ್ಲ. ಒಂಬತ್ತು ವರ್ಷದಿಂದ ನನ್ನ ಮನೇಲಿ ಇದಾಳೆ ಸಿಸ್ಟರ್. ನಾನು ಊರವರ ಮಾತೆಲ್ಲ ಕೇಳಿಸ್ಕೊಂಡೋಳು. ಈ ಹುಡುಗಿಗೆ ಬೇರೆ ಮಾತೇ ಬರಲ್ಲ ಅಂತ ನನಗೆ ಇಲ್ಲಿ ಬಂದ್ಮೇಲೆ ತಿಳೀತು.” ಅವರು ಉಸಿರು ತೆಗೆದುಕೊಂಡರು. “ಎಲ್ಲಿ ಕಲಿತ್ಲು ಅದನ್ನ? ನನ್ನ ಹತ್ರಾನೇ ಕಲಿತಿರ್ಬೇಕು.”

ಚೀಲದಿಂದ ಕನ್ನಡಕದ ಡಬ್ಬಿ ತೆಗೆದು ಸಿಸ್ಟರ್‌ನ ಮೇಜಿನ ಮೇಲೆ ಇಟ್ಟರು. “ಇವಳ ಕಾರ್ಡು ಇರ್ಲಿ, ಹರೀಬೇಡಿ. ಇವಳಿಗೂ ಬೇಕು ಅದು. ನನಗೆ ಬೇರೆ ಒಂದು ಮಾಡಿ.” ಆಮೇಲೆ ದನಿ ಸಣ್ಣದಾಯಿತು. “ನನಗೆ ಆ ಮಗು ಕೈ ಬೇಕು ಸಿಸ್ಟರ್. ಮೂರೂವರೆಗೆ. ಬೇರೇನೂ ಬೇಡ.”

ಕೆಟಲು ಕುದಿದು ತಾನೇ ಆರಿತು. ಅವತ್ತು ಲೋಟಗಳನ್ನು ಯಾರು ತೊಳೆದರೋ ನನಗೆ ನೆನಪಿಲ್ಲ. ನಾನು ಅಳುತ್ತಿದ್ದೆ. ಕೆನ್ನೆಯ ಮೇಲೆ ಬಿಸಿನೀರು ಹರಿದಾಗ ಮೊದಲು ಅನ್ನಿಸಿದ್ದು ಆಶ್ಚರ್ಯ: ಇದು ಇನ್ನೂ ಇದೆಯಲ್ಲ ನನ್ನೊಳಗೆ! ಕಂಡಕ್ಟರ್ ನನ್ನ ಬೆನ್ನ ಮೇಲೆ ಕೈಯಿಟ್ಟು, ಅತ್ತೆಯ ದನಿಯನ್ನೇ ಅಣಕಿಸಿದಳು. “ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?”

“ಹೂಂ,” ಎಂದೆ.

ಮೆಟ್ಟಿಲು ಇಳಿಯುವ ಕೆಲಸ ಎಂಟು ತಿಂಗಳು ಹಿಡಿಯಿತು. ಡಾಕ್ಟರಮ್ಮ ಒಂದು ಕಾಗದದ ಮೇಲೆ ಅರ್ಧ, ಕಾಲು, ಅರೆಕಾಲು ಎಂದು ಪಟ್ಟಿ ಬರೆದುಕೊಟ್ಟರು. ವಾರಕ್ಕೆ ಏಳು ಸಣ್ಣ ಲಕೋಟೆ, ಖಾಲಿಯಾದ ಏಳನ್ನೂ ಮಂಗಳವಾರ ಹಿಂತಿರುಗಿಸಬೇಕು. ಸಿಸ್ಟರ್ ತಾರೀಖು ಹೊಡೆದರೆ ಅತ್ತೆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. “ಏನು ಪುಸ್ತಕವೋ, ಎಷ್ಟು ಸಲ ತಗೊಂಡ್ರೂ ಮುಗೀತಿಲ್ಲ,” ಅನ್ನುತ್ತಿದ್ದರು. ಸುಲಭವೇನೂ ಇರಲಿಲ್ಲ. ಮೂರನೆಯ ತಿಂಗಳಲ್ಲಿ ಒಂದು ವಾರ ನೊಣ ಹಾರಿದರೂ ಸಿಡುಕಿದರು. ನನ್ನ ಅಡುಗೆ, ನನ್ನ ನಡಿಗೆ, ನನ್ನ ಉಸಿರು, ಯಾವುದೂ ಸರಿ ಇರಲಿಲ್ಲ. ಒಂದು ಬೆಳಿಗ್ಗೆ ನಾನೂ ಸಹಿಸದೆ, “ನನಗೆ ಸಿಟ್ಟು ಬರ್ತಿದೆ ಅತ್ತೆ” ಎಂದುಬಿಟ್ಟೆ. ಅವರು ಜಗಳ ನಿಲ್ಲಿಸಿ ನನ್ನನ್ನೇ ನೋಡಿದರು. “ನೋಡು, ಬಂತು ಮಾತು,” ಅಂದರು.

ನನ್ನ ಕಾರ್ಡಿನ ಮೇಲೂ ತಾರೀಖುಗಳು ಬೀಳುತ್ತಿದ್ದವು. ಡಾಕ್ಟರಮ್ಮ ನನಗೂ ಒಂದು ಔಷಧ ಕೊಟ್ಟರು, ಅದಕ್ಕಿಂತ ಹೆಚ್ಚಾಗಿ ಪ್ರಶ್ನೆಗಳನ್ನು ಕೊಟ್ಟರು. ಒಂದು ಸಂಜೆ ಕಾಫಿ ಕುಡಿಯುವಾಗ ಸಕ್ಕರೆ ಹೆಚ್ಚಾಗಿದೆ ಎಂದು ನಾಲಿಗೆಗೆ ತಿಳಿಯಿತು. ಅದೊಂದು ಸುದ್ದಿ ಎಂಬಂತೆ ರೈಲಿನಿಂದ ಇಳಿದು ಬಂದ ಗಂಡನಿಗೆ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಆದರೂ ಬೂಟು ಬಿಚ್ಚುವುದನ್ನು ಬಿಟ್ಟು ಕೂತು ಕೇಳಿದರು.

ಅತ್ತೆ ಕೊನೆಯ ಅರೆಕಾಲನ್ನು ಬಿಟ್ಟು ಆರು ವಾರವಾದ ಮೇಲೆ ಗಂಡ ಒಪ್ಪಿದರು. ಮಗಳು ತನ್ನದೂ ಒಂದು ಷರತ್ತು ಹಾಕಿದಳು: “ಅಜ್ಜಿ ದಾರೀಲಿ ಕೂತ್ಕೋಬಾರ್ದು.”

“ಕೂತ್ಕೊಳ್ಳೋದೇ ಬೇಡ್ವಾ? ಕಾಲು ನೋವಾದ್ರೆ?”

“ಕೂತ್ಕೊಂಡ್ರೂ ಕಣ್ಣು ಮುಚ್ಬಾರ್ದು.”

“ರೆಪ್ಪೆ ಹೊಡೀಬಹುದಾ ಮೇಡಂ?”

ಮಗಳು ಯೋಚಿಸಿ, “ಒಂದು ಸಲ,” ಅಂದಳು.

ಆ ದಿನ ನಾನು ಅಂಗಡಿಯಲ್ಲಿ ತಲೆನೋವೆಂದು ಹೇಳಿ ಮೂರಕ್ಕೇ ಹೊರಟೆ. ಶಾಲೆಯ ಎದುರು ನಿಂತಿದ್ದ ವ್ಯಾನಿನ ಹಿಂದೆ ಅವಿತುಕೊಂಡೆ. ಅತ್ತೆ ಆಗಲೇ ಬಂದಿದ್ದರು. ಗೇಟಿನ ಪಕ್ಕ ಬೆಂಚು ಖಾಲಿ ಇತ್ತು, ಅವರು ಕೂರಲಿಲ್ಲ. ಗಂಟೆ ಹೊಡೆಯಿತು, ಮಕ್ಕಳು ನುಗ್ಗಿದರು, ಆ ಗುಂಪಿನಿಂದ ನನ್ನ ಮಗಳು ಬಂದು ಏನೂ ವಿಶೇಷವಿಲ್ಲ ಎಂಬಂತೆ ಅಜ್ಜಿಯ ಕೈಗೆ ತನ್ನ ಕೈ ಕೊಟ್ಟಳು. ಅತ್ತೆ ಆ ಕೈಯನ್ನು ಒಂದು ಗಳಿಗೆ ನೋಡಿ ಮುಷ್ಟಿ ಮುಚ್ಚಿದರು.

ನಾನು ಅಂತರ ಬಿಟ್ಟು ಹಿಂದೆ ನಡೆದೆ. ಬೆಕ್ಕು, ಬಡಗಿಯ ಅಂಗಡಿ, ಮರದ ಸಿಪ್ಪೆ, ಎಲ್ಲ ಆಯಿತು. ಅಂಚೆ ಕಚೇರಿ ಬಂತು. ಅತ್ತೆ ನಿಂತರು. ಆಮೇಲೆ ಅದೇ ಮೆಟ್ಟಿಲು, ಅದೇ ಕಂಬದ ಪಕ್ಕ, ಕೂತುಬಿಟ್ಟರು. ಓಡಿಹೋಗಿ ಎಬ್ಬಿಸಬೇಕು ಅನ್ನಿಸಿತು. ನಿಂತಿದ್ದ ಇನ್ನೊಂದು ಗಾಡಿಯ ಮರೆಯಲ್ಲಿ ತುಟಿ ಕಚ್ಚಿಕೊಂಡು ನೋಡಿದೆ. ಮಗಳು ಅವರ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ಕಣ್ಣುಗಳನ್ನೇ ಕಾವಲು ಕಾಯುತ್ತಿದ್ದಳು. ಅತ್ತೆ ಕಂಬಕ್ಕೆ ಒರಗದೆ ನೆಟ್ಟಗೆ ಕೂತು ರಸ್ತೆಯನ್ನು ನೋಡಿದರು. ಹೋಗುವ ಬರುವವರನ್ನು ನೋಡಿದರು. ಹಿಂದೊಮ್ಮೆ ನಿದ್ದೆಯಲ್ಲಿ ಕಳೆದ ಒಂದು ಗಂಟೆಯನ್ನು ಹುಡುಕಿಕೊಳ್ಳುವವರ ಹಾಗೆ. ಐದು ನಿಮಿಷವಾಗಿರಬಹುದು. ನಂತರ ಮಗಳ ಬೂಟಿನ ಸಡಿಲ ದಾರ ಬಿಗಿದು ಕಟ್ಟಿ, ಎದ್ದರು.

ನಾನು ಬೇರೆ ಬೀದಿಯಿಂದ ಓಡಿ, ಅವರಿಗಿಂತ ಮೊದಲು ಮನೆ ಸೇರಿ, ಕಾಫಿಗೆ ಇಟ್ಟೆ. ಮಗಳು ಒಳಗೆ ಬಂದವಳೇ, “ಅಜ್ಜಿ ಅಲ್ಲೇ ಕೂತ್ರು. ಒಂಬತ್ತು ಸಲ ರೆಪ್ಪೆ ಹೊಡೆದ್ರು. ನಾನು ಬಿಟ್ಟೆ,” ಎಂದು ವರದಿ ಒಪ್ಪಿಸಿ ಆಡಲು ಓಡಿದಳು.

ಅತ್ತೆ ಕಾಫಿ ಕುಡಿದು ಲೋಟ ಕೆಳಗಿಟ್ಟರು. “ತಲೆನೋವು ಹೇಗಿದೆ?”

“ಯಾವ ತಲೆನೋವು?”

“ಅಂಗಡೀಲಿ ಹೇಳಿ ಬಂದಿರ್ತೀಯಲ್ಲ, ಅದು. ಅವಿತ್ಕೊಳ್ಳೋರು ಆ ಹಸಿರು ಚಪ್ಪಲಿ ಹಾಕ್ಕೊಂಡು ಬರ್ತಾರೇನೇ? ವ್ಯಾನಿನ ಕೆಳಗೆ ಎರಡು ಗಿಣಿ ಕೂತ ಹಾಗೆ ಕಾಣ್ತಿತ್ತು.” ಅವರು ನಗಲಿಲ್ಲ. “ನಾನು ಅಲ್ಲಿ ಕೂತಾಗ ನಿನಗೆ ಹೇಗಾಯ್ತು? ನಿಜ ಹೇಳು.”

“ಪರ...” ಎಂದೆ. ಹಲ್ಲು ಕಚ್ಚಿ ಮಾತನ್ನು ಅಲ್ಲೇ ಹಿಡಿದೆ. “ಹೆದರಿಕೆ ಆಯ್ತು ಅತ್ತೆ. ತುಂಬಾ. ಆಮೇಲೆ ನೀವು ದಾರ ಕಟ್ಟಿ ಎದ್ರಲ್ಲ, ಆಗ ಹೊಟ್ಟೆ ತಣ್ಣಗಾಯ್ತು.”

ಅತ್ತೆ ತಲೆಯಾಡಿಸಿದರು. ಸಂಜೆಯ ಬಿಸಿಲು ಅಡುಗೆಮನೆಯ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಈಗ ಅವರಿಲ್ಲ, ಸಿಸ್ಟರೂ ಇಲ್ಲ, ಜಿರಾಫೆಯ ಗೋಡೆಗೆ ಯಾರೋ ಬಿಳಿ ಬಣ್ಣ ಬಳಿದಿದ್ದಾರೆ. ಆದರೆ ಆ ಕೋಣೆಯಲ್ಲಿ ಮಂಗಳವಾರ ಈಗಲೂ ಕೆಟಲು ಕುದಿಯುತ್ತದೆ, ಹೆಂಗಸರು ದೊಡ್ಡ ಕುರ್ಚಿಗಳಲ್ಲಿ ಕೂರುತ್ತಾರೆ. ಒಮ್ಮೊಮ್ಮೆ ಹೋಗಿ ಬಾಗಿಲಲ್ಲಿ ನಿಂತು ಬರುತ್ತೇನೆ. ಅಲ್ಲಿ ನಿಂತಾಗ ನೆನಪಾಗುವುದು ಕ್ಲಿನಿಕ್ಕಿಗಿಂತ ಹೆಚ್ಚಾಗಿ ಆ ಸಂಜೆಯ ಅಡುಗೆಮನೆ.

ಅವತ್ತು ಅತ್ತೆ ಎದ್ದು, ಎರಡು ಲೋಟಗಳನ್ನೂ ಸಿಂಕಿನಲ್ಲಿಟ್ಟು, ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡರು.

“‘ಪರ’ ಅಂತ ಅರ್ಧ ಹೇಳಿದೀಯ. ಅರ್ಧಕ್ಕೂ ಲೆಕ್ಕ ಇದೆ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಅಂದರು. “ಬಾ. ನೀನು ತೊಳಿ, ನಾನು ಒರೆಸ್ತೀನಿ.”